ಹೇಮಾವತಿಯ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ ಬಗೆ

ಹಾಸನ ಜಿಲ್ಲೆಯ ಬೇಸಾಯದ ಚರಿತ್ರೆಯು ಹೇಮಾವತಿಯೊಡನೆ ಹೆಣೆದುಕೊಂಡಿರುವಂತೆಯೇ, ಹೇಮಾವತಿಯ ಇತ್ತೀಚಿನ ಚರಿತ್ರೆಯು ದೆಹಲಿಯ ಸರ್ವೋಚ್ಚ ನ್ಯಾಯಾಲಯದೊಡನೆ ಹೆಣೆದುಕೊಂಡಿದೆ. ಹೊಳೆನರಸೀಪುರವು ಈ ನದಿಯ ದಡದಲ್ಲಿಯೇ ಬೆಳೆದ ಊರು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ, ಹೇಮಾವತಿ ಹೋಗಿ ಸೇರುವ ಕಾವೇರಿಯೇ ಸ್ವತಃ ಹರಿಯುತ್ತದೆ. ಮಳೆ ಕಡಿಮೆಯಿರುವ ಚನ್ನರಾಯಪಟ್ಟಣದ ಸೀಮೆಗೆ ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟೆಯ ಎಡದಂಡೆ ನಾಲೆಯೇ ಆಸರೆ. ಈ ನೀರಿನಲ್ಲಿ ಯಾರ ಪಾಲು ಎಷ್ಟು ಎಂಬ ಪ್ರಶ್ನೆಗೂ ಮೊದಲು ತೀರ್ಮಾನವಾಗಬೇಕಿದ್ದ ಪ್ರಶ್ನೆ, ಆ ವ್ಯಾಜ್ಯವನ್ನು ಕೇಳುವ ಅಧಿಕಾರ ಯಾರಿಗಿದೆ ಎಂಬುದು.

ಬ್ರಿಟಿಷರ ಕಾಲದಲ್ಲಿ ಇಂಥ ವ್ಯಾಜ್ಯವು ಸರ್ಕಾರಗಳ ನಡುವಿನ ಪತ್ರವ್ಯವಹಾರದಲ್ಲಿಯೇ ಸಾಗುತ್ತಿತ್ತು. 1892ರ ಒಪ್ಪಂದವು ಮದರಾಸಿನ ಪೂರ್ವಾನುಮತಿಯಿಲ್ಲದೆ ಕಾವೇರಿ ಮತ್ತು ಅದರ ಮುಖ್ಯ ಉಪನದಿಗಳ ಮೇಲೆ ಹೊಸ ನೀರಾವರಿ ಜಲಾಶಯ ಕಟ್ಟದಂತೆ ಮೈಸೂರಿನ ಕೈಕಟ್ಟಿತು. ಕಾವೇರಿಗೆ ಕನ್ನಂಬಾಡಿಯಲ್ಲಿ ಅಣೆಕಟ್ಟೆ ಕಟ್ಟುವ ಮೈಸೂರಿನ ಪ್ರಸ್ತಾಪ ಬಂದಾಗ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಗ್ರಿಫಿನ್ ಅವರನ್ನು ಪಂಚರನ್ನಾಗಿ ನೇಮಿಸಲಾಯಿತು. ಅವರು 1914ರಲ್ಲಿ ಕೊಟ್ಟ ಐತೀರ್ಪನ್ನು ಭಾರತ ಸರ್ಕಾರ ಒಪ್ಪಿದರೂ, ಮದರಾಸು ಸರ್ಕಾರ ಲಂಡನ್ನಿನ ಭಾರತ ಕಾರ್ಯದರ್ಶಿಗೆ ಮೊರೆಯಿಟ್ಟು ವಿಷಯವನ್ನು ಮತ್ತೆ ತೆರೆಸಿತು. ಕೊನೆಗೆ 1924ರ ಫೆಬ್ರವರಿ 18ರಂದು ಹೊಸ ಒಪ್ಪಂದವಾಯಿತು.

1950ರಲ್ಲಿ ಸಂವಿಧಾನ ಜಾರಿಗೆ ಬಂದಾಗ ಸ್ಥಿತಿ ಬದಲಾಯಿತು. 131ನೆಯ ವಿಧಿಯ ಪ್ರಕಾರ ರಾಜ್ಯಗಳ ನಡುವಿನ ವ್ಯಾಜ್ಯವನ್ನು ಕೆಳಗಿನ ನ್ಯಾಯಾಲಯಗಳನ್ನು ಹಾಯದೆ ನೇರವಾಗಿ ಸರ್ವೋಚ್ಚ ನ್ಯಾಯಾಲಯದಲ್ಲಿಯೇ ಹೂಡಬಹುದು. ಇದಕ್ಕೆ ಮೂಲ ಅಧಿಕಾರವ್ಯಾಪ್ತಿ ಎಂದು ಹೆಸರು. ಆದರೆ ಅಂತರರಾಜ್ಯ ನದಿನೀರಿನ ವಿಷಯದಲ್ಲಿ ಈ ಅಧಿಕಾರವನ್ನು ಕಾಯ್ದೆಯ ಮೂಲಕ ತಡೆಯಲು 262ನೆಯ ವಿಧಿಯು ಸಂಸತ್ತಿಗೆ ಅವಕಾಶ ಕೊಟ್ಟಿತು. 1956ರ ಅಂತರರಾಜ್ಯ ಜಲವಿವಾದ ಕಾಯ್ದೆಯು ಹಾಗೆಯೇ ತಡೆದು, ಅಂಥ ವಿವಾದಗಳನ್ನು ಪ್ರತ್ಯೇಕ ನ್ಯಾಯಮಂಡಳಿಗೆ ಒಪ್ಪಿಸಿತು. ಹೇಮಾವತಿ, ಕಬಿನಿ, ಹಾರಂಗಿ ಯೋಜನೆಗಳನ್ನು ತಡೆಯಬೇಕೆಂದೂ ನ್ಯಾಯಮಂಡಳಿ ರಚಿಸಬೇಕೆಂದೂ ಕೋರಿ ತಮಿಳುನಾಡು 1971ರಲ್ಲಿ ಹೂಡಿದ ದಾವೆಯು ವಿಚಾರಣೆಯ ಹಂತಕ್ಕೆ ಬರುವ ಮೊದಲೇ, ಕೇಂದ್ರದ ಮಧ್ಯಸ್ಥಿಕೆಯಿಂದಾಗಿ ಮರುವರ್ಷ ಹಿಂತೆಗೆಯಲ್ಪಟ್ಟಿತು. ಯೋಜನಾ ಆಯೋಗದ ಒಪ್ಪಿಗೆಯಿಲ್ಲದೆ, ರಾಜ್ಯದ ಸ್ವಂತ ಹಣದಿಂದಲೇ ಕಟ್ಟಿದ ಗೊರೂರಿನ ಅಣೆಕಟ್ಟೆ 1979ರಲ್ಲಿ ಮುಗಿಯಿತು. ಅದರ ಸಂಗ್ರಹ ಸಾಮರ್ಥ್ಯ ಸುಮಾರು 37 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ.

ಮುಂದೆ ತಂಜಾವೂರು ಸೀಮೆಯ ರೈತಸಂಘವೊಂದು 1983ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಸಲ್ಲಿಸಿತು. ನೀರಿನ ಹಂಚಿಕೆಗೆ ಕೈಹಾಕದ ನ್ಯಾಯಾಲಯವು, ನ್ಯಾಯಮಂಡಳಿ ರಚಿಸುವ ಶಾಸನಬದ್ಧ ಕರ್ತವ್ಯವನ್ನು ಕೇಂದ್ರ ಸರ್ಕಾರ ನೆರವೇರಿಸಬೇಕೆಂದು 1990ರ ಮೇ ತಿಂಗಳಲ್ಲಿ ಆದೇಶಿಸಿತು. ಜೂನ್ 2ರಂದು ಮಂಡಳಿ ರಚನೆಯಾಯಿತು. ಮರುವರ್ಷ ಮಂಡಳಿ ಕೊಟ್ಟ ಮಧ್ಯಂತರ ಆದೇಶವು ತಮಿಳುನಾಡಿನ ಮೆಟ್ಟೂರು ಜಲಾಶಯಕ್ಕೆ ವರ್ಷಕ್ಕೆ 205 ಟಿಎಂಸಿ ನೀರು ತಲುಪಬೇಕೆಂದೂ, ಕರ್ನಾಟಕದ ಕಾವೇರಿ ನೀರಾವರಿ 11.2 ಲಕ್ಷ ಎಕರೆಯನ್ನು ಮೀರಬಾರದೆಂದೂ ವಿಧಿಸಿತು. ನಾಲೆಯ ನೀರು ಇನ್ನೂ ತಲುಪದಿದ್ದ ಅಚ್ಚುಕಟ್ಟಿನ ರೈತರಿಗೆ ಈ ಮಿತಿ ದೊಡ್ಡ ಪೆಟ್ಟಾಯಿತು. ಆದೇಶವನ್ನು ತಪ್ಪಿಸಲು ಕರ್ನಾಟಕ ಹೊರಡಿಸಿದ ಸುಗ್ರೀವಾಜ್ಞೆಯ ಬಗ್ಗೆ ರಾಷ್ಟ್ರಪತಿಗಳು 143ನೆಯ ವಿಧಿಯಡಿ ನ್ಯಾಯಾಲಯದ ಅಭಿಪ್ರಾಯ ಕೇಳಿದರು. ಇಂಥ ಪ್ರಶ್ನೆಗೆ ಉತ್ತರಿಸದಿರುವ ಸ್ವಾತಂತ್ರ್ಯವೂ ನ್ಯಾಯಾಲಯಕ್ಕಿದ್ದು, 1994ರಲ್ಲಿ ಅಯೋಧ್ಯೆಯ ವಿಷಯದಲ್ಲಿ ಅದು ಉತ್ತರಿಸಲು ನಿರಾಕರಿಸಿತು. ಆದರೆ ಕಾವೇರಿಯ ವಿಷಯದಲ್ಲಿ ಉತ್ತರಿಸಿ, 1991ರ ನವೆಂಬರ್ 22ರಂದು ಸುಗ್ರೀವಾಜ್ಞೆ ಸಂವಿಧಾನಬಾಹಿರವೆಂದು ಸಾರಿತು.

ಸರ್ವೋಚ್ಚ ನ್ಯಾಯಾಲಯದ ಮುಂದೆ ಹೋಗಲು ಉಳಿದ ದಾರಿ 136ನೆಯ ವಿಧಿಯ ವಿಶೇಷ ಅನುಮತಿ. ದೇಶದ ಯಾವುದೇ ನ್ಯಾಯಾಲಯ ಅಥವಾ ನ್ಯಾಯಮಂಡಳಿಯ ತೀರ್ಪಿನ ಮೇಲೆ, ಸೇನಾ ನ್ಯಾಯಾಲಯಗಳ ಹೊರತು, ಮೇಲ್ಮನವಿಗೆ ಅನುಮತಿ ಕೊಡುವ ಅಥವಾ ನಿರಾಕರಿಸುವ ವಿವೇಚನೆಯೇ ಈ ಅಧಿಕಾರ. ಇದು ಕಕ್ಷಿದಾರನ ಹಕ್ಕಲ್ಲ. ಇದನ್ನು ಅಪರೂಪದ ಪ್ರಕರಣಗಳಲ್ಲಿ ಮಾತ್ರ ಬಳಸಬೇಕೆಂದು 1950ರ ಪ್ರೀತಂ ಸಿಂಗ್ ಪ್ರಕರಣದಲ್ಲಿಯೇ ನ್ಯಾಯಾಲಯ ಹೇಳಿತ್ತು. ಅಮೆರಿಕದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೈಕಿ ನಾಲ್ವರು ಒಪ್ಪಿದರೆ ಪ್ರಕರಣ ವಿಚಾರಣೆಗೆ ಬರುತ್ತದೆ. ಭಾರತದಲ್ಲಿ ಸಾಮಾನ್ಯವಾಗಿ ಇಬ್ಬರ ಪೀಠವೇ ಇದನ್ನು ನಿರ್ಧರಿಸುತ್ತದೆ.

ನ್ಯಾಯಮಂಡಳಿಯು 2007ರ ಫೆಬ್ರವರಿ 5ರಂದು ಅಂತಿಮ ತೀರ್ಪು ನೀಡಿ, ಕಾವೇರಿಯ 740 ಟಿಎಂಸಿ ನೀರಿನಲ್ಲಿ ಕರ್ನಾಟಕಕ್ಕೆ 270ನ್ನು ಹಂಚಿದಾಗ, ರಾಜ್ಯಗಳು ಈ ವಿಶೇಷ ಅನುಮತಿಯನ್ನೇ ಕೋರಿದವು. ಮಂಡಳಿಯ ತೀರ್ಪಿಗೆ ಸರ್ವೋಚ್ಚ ನ್ಯಾಯಾಲಯದ ಡಿಕ್ರಿಯಷ್ಟೇ ಬಲವನ್ನು ಕಾಯ್ದೆಯೇ ಕೊಟ್ಟಿರುವಾಗ, ತನ್ನದೇ ಡಿಕ್ರಿಯಂತಿರುವ ತೀರ್ಪಿನ ಮೇಲೆ ನ್ಯಾಯಾಲಯ ಮೇಲ್ಮನವಿ ಕೇಳಲಾಗದು ಎಂದು ಕೇಂದ್ರ ಸರ್ಕಾರ ವಾದಿಸಿತು. ಸಂಸತ್ತಿನ ಕಾಯ್ದೆಯು ಸಂವಿಧಾನದ 136ನೆಯ ವಿಧಿಯನ್ನು ಕುಗ್ಗಿಸಲಾರದು ಎಂದು 2016ರ ಡಿಸೆಂಬರ್ 9ರಂದು ದೀಪಕ್ ಮಿಶ್ರಾ, ಅಮಿತಾವ ರಾಯ್, ಎ.ಎಂ. ಖಾನ್ವಿಲ್ಕರ್ ಅವರ ಪೀಠ ತೀರ್ಮಾನಿಸಿತು. ವಿಚಾರಣೆ ನಡೆಸಬಹುದೇ ಎಂಬುದೊಂದೇ ಇತ್ಯರ್ಥವಾಗಲು ಒಂಬತ್ತು ವರ್ಷಗಳು ಹಿಡಿದಿದ್ದವು.

ಆ ಅನುಮತಿಯ ಫಲ ಸಣ್ಣದಲ್ಲ. 2018ರ ಫೆಬ್ರವರಿ 16ರ ತೀರ್ಪು ತಮಿಳುನಾಡಿನ ಅಂತರ್ಜಲವನ್ನೂ ಬೆಂಗಳೂರಿನ ಕುಡಿಯುವ ನೀರಿನ ಅಗತ್ಯವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಕರ್ನಾಟಕದ ಪಾಲನ್ನು 284.75 ಟಿಎಂಸಿಗೆ ಏರಿಸಿತು. ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಹರಿಸಬೇಕಾದ ನೀರು 192ರಿಂದ 177.25 ಟಿಎಂಸಿಗೆ ಇಳಿಯಿತು. ನ್ಯಾಯಾಲಯ ಕೇಳಲು ಒಪ್ಪದಿದ್ದರೆ ಈ 14.75 ಟಿಎಂಸಿ ಕರ್ನಾಟಕದ ಪಾಲಿಗೆ ಬರುತ್ತಿರಲಿಲ್ಲ. ಈ ಹಂಚಿಕೆ ಹದಿನೈದು ವರ್ಷ ಬದಲಾಗದೆಂದು ತೀರ್ಪೇ ಹೇಳಿರುವುದರಿಂದ, 2033ರ ಹೊತ್ತಿಗೆ ಪ್ರಶ್ನೆ ಮತ್ತೆ ಏಳಬಹುದು. ಗೊರೂರಿನ ನೀರನ್ನು ನೆಚ್ಚಿದ ರೈತರೂ ಅವರ ಪ್ರತಿನಿಧಿಗಳೂ ಅಷ್ಟರೊಳಗೆ ನಾಲೆಯ ನೀರಿನ ಲೆಕ್ಕವನ್ನು ಕಲಿತಷ್ಟೇ ಶ್ರದ್ಧೆಯಿಂದ ನ್ಯಾಯಾಲಯದ ಈ ವಿಧಿಗಳನ್ನೂ ಕಲಿತಿರಬೇಕು.