ಪಂಚಾಯಿತಿ ಕೊಂಡ ಗಾಳಿಯಂತ್ರ



‘ಗಾಳಿ ಬಂದಾಗ ತೂರಿಕೋ’ ಎಂಬುದು ನಮ್ಮ ಕಣದಲ್ಲಿ ಹುಟ್ಟಿದ ಗಾದೆ. ಗಾಳಿಗೆ ಒಡೆಯರಿಲ್ಲ, ಮೊರ ಹಿಡಿದು ನಿಂತವರಿಗೆ ಕಾಳು ದಕ್ಕುತ್ತದೆ. ಈ ಮಾತನ್ನು ಒಂದು ಗ್ರಾಮ ಪಂಚಾಯಿತಿ ತನ್ನ ಲೆಕ್ಕದ ಪುಸ್ತಕದಲ್ಲಿ ನಿಜಮಾಡಿ ತೋರಿಸಿದ ಇತಿಹಾಸವನ್ನು ಇಂದು ನೋಡೋಣ.

ನೀಲಗಿರಿಯ ನಮ್ಮ ಜನಕ್ಕೆ ಮೆಟ್ಟುಪಾಳ್ಯಂ ಹೊಸದಲ್ಲ. ಬೆಟ್ಟದ ಆಲೂಗೆಡ್ಡೆ, ತರಕಾರಿ ಇಳಿಯುವ ಮಂಡಿ ಅದು. ಆ ಪಟ್ಟಣದ ಮಗ್ಗುಲಲ್ಲೇ, ಬೆಟ್ಟದ ಬುಡದಲ್ಲಿ ಓಡಂತುರೈ ಪಂಚಾಯಿತಿ ಇದೆ. ಕೊಯಮತ್ತೂರು ಜಿಲ್ಲೆಯ ಕಾರಮಡೈ ಬ್ಲಾಕಿಗೆ ಸೇರಿದ್ದು. ಹತ್ತಾರು ಚಿಕ್ಕ ಊರುಗಳು, ಕೂಲಿಕಾರರು, ಸಣ್ಣ ರೈತರು, ಗುಡಿಸಲುಗಳು. ತೊಂಬತ್ತರ ದಶಕದಲ್ಲಿ ಅದರ ಸ್ಥಿತಿ ನಮ್ಮ ಅನೇಕ ಗಡಿ ಹಳ್ಳಿಗಳಿಗಿಂತ ಬೇರೆಯಾಗಿರಲಿಲ್ಲ.

1993ರಲ್ಲಿ ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂತು. 1994ರಲ್ಲಿ ತಮಿಳುನಾಡು ಹೊಸ ಪಂಚಾಯಿತಿ ಕಾಯಿದೆ ಮಾಡಿತು. 1996ರ ಚುನಾವಣೆಯಲ್ಲಿ ಶ್ರೀ ಆರ್. ಷಣ್ಮುಗಂ ಅವರು ಓಡಂತುರೈಯ ಅಧ್ಯಕ್ಷರಾದರು. ಭವಾನಿ ನದಿಯ ನೀರು ಊರೂರಿಗೆ ಹರಿಯಿತು, ಬೀದಿದೀಪಗಳು ಹೆಚ್ಚಿದವು, ಸರ್ಕಾರದ ಯೋಜನೆಗಳಲ್ಲಿ ಗುಡಿಸಲುಗಳ ಜಾಗದಲ್ಲಿ ಪಕ್ಕಾ ಮನೆಗಳು ಎದ್ದವು. ಆದರೆ ನೀರೆತ್ತುವ ಮೋಟಾರಿಗೂ ಬೀದಿಯ ಬಲ್ಬಿಗೂ ಕರೆಂಟು ಬೇಕಲ್ಲ! ತಿಂಗಳಿಗೆ ಸುಮಾರು 2,000 ರೂಪಾಯಿ ಇದ್ದ ಬಿಲ್ಲು ಕೆಲವೇ ವರ್ಷಗಳಲ್ಲಿ 50,000ದ ಹತ್ತಿರ ಹೋಯಿತು. ಅಭಿವೃದ್ಧಿಯೇ ಪಂಚಾಯಿತಿಯ ಗಂಟನ್ನು ಕರಗಿಸತೊಡಗಿತು.

ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ದೀಪ ಆರಿಸುತ್ತಾರೆ, ಇಲ್ಲವೇ ಬಿಲ್ಲು ಬಾಕಿ ಉಳಿಸುತ್ತಾರೆ. ಓಡಂತುರೈ ಬೇರೆ ದಾರಿ ಹುಡುಕಿತು. ಕೆಲವು ಕಡೆ ಸೌರದೀಪ ಹಾಕಿತು. 2003ರಲ್ಲಿ ಕಟ್ಟಿಗೆಯ ಚೂರುಗಳಿಂದ ಅನಿಲ ತೆಗೆದು ನೀರೆತ್ತುವ 9 ಕಿಲೋವ್ಯಾಟಿನ ಘಟಕ ನಡೆಸಿತು. ಈ ಸಣ್ಣ ಪ್ರಯೋಗಗಳಿಂದ ಬಂದ ಧೈರ್ಯವೇ ದೊಡ್ಡ ಹೆಜ್ಜೆಗೆ ಮೆಟ್ಟಿಲಾಯಿತು.

2006ರಲ್ಲಿ ಪಂಚಾಯಿತಿ 350 ಕಿಲೋವ್ಯಾಟಿನ ಗಾಳಿಯಂತ್ರವೊಂದನ್ನು ಕೊಂಡಿತು. ಬೆಲೆ ಸುಮಾರು 1.55 ಕೋಟಿ ರೂಪಾಯಿ. ಅದರಲ್ಲಿ 40 ಲಕ್ಷ ಪಂಚಾಯಿತಿಯ ಸ್ವಂತ ಉಳಿತಾಯ, ಉಳಿದ 1.15 ಕೋಟಿ ಬ್ಯಾಂಕಿನ ಸಾಲ. ಯಂತ್ರ ನಿಂತದ್ದು ಓಡಂತುರೈಯಲ್ಲಲ್ಲ, ದೂರದ ಉಡುಮಲೈಪೇಟೆಯ ಬಳಿಯ ಮೈವಾಡಿಯಲ್ಲಿ. ಏಕೆಂದರೆ ಮುಂಗಾರಿನ ಗಾಳಿ ಪಶ್ಚಿಮ ಘಟ್ಟಗಳ ನಡುವಿನ ಪಾಲಕ್ಕಾಡಿನ ಕಂಡಿಯಲ್ಲಿ ನುಗ್ಗಿ ಬೀಸುವುದು ಆ ಕಡೆಗೆ. ಅಲ್ಲಿ ಹುಟ್ಟಿದ ವಿದ್ಯುತ್ತು ಮಂಡಳಿಯ ತಂತಿಗೆ ಸೇರುತ್ತಿತ್ತು. ಸಾಗಣೆಯ ಪಾಲು ಕಳೆದು ಉಳಿದ ಯೂನಿಟ್ಟುಗಳನ್ನು ಪಂಚಾಯಿತಿಯ ಬಿಲ್ಲಿನಲ್ಲಿ ವಜಾ ಮಾಡುತ್ತಿದ್ದರು.

ಯಂತ್ರದಿಂದ ವರ್ಷಕ್ಕೆ ಸುಮಾರು 6.75 ಲಕ್ಷ ಯೂನಿಟ್ಟು ಸಿಗುವ ಲೆಕ್ಕವಿತ್ತು. ಊರಿನ ಬಳಕೆ ಆಗ ಸುಮಾರು 4.5 ಲಕ್ಷ ಇತ್ತು. ಮಿಕ್ಕದ್ದನ್ನು ಮಂಡಳಿಗೆ ಮಾರಿ ಬಂದ ಹಣದಿಂದ ಸಾಲದ ಕಂತು ಕಟ್ಟಿದರು. ಮೊದಲು ಹೊರಗೆ ಹೋಗುತ್ತಿದ್ದ ಹಣ ಹೀಗೆ ಊರಿನ ಆಸ್ತಿಯಾಗಿ ತಿರುಗಿತು.

ಈ ಘಟನೆಯ ಮಹತ್ವ ಯಂತ್ರದಲ್ಲಿಲ್ಲ, ಒಡೆತನದಲ್ಲಿದೆ. ತೊಂಬತ್ತರ ದಶಕದಲ್ಲಿಯೇ ತಮಿಳುನಾಡಿನ ಮುಪ್ಪಂದಲ್‌ನಲ್ಲಿ, ಆಂಧ್ರದ ಅನಂತಪುರ ಸೀಮೆಯ ರಾಮಗಿರಿಯಲ್ಲಿ ಗಾಳಿಯಂತ್ರಗಳು ಸಾಲುಗಟ್ಟಿದ್ದವು. ಹಾಕಿದ ಮೊದಲ ವರ್ಷವೇ ಯಂತ್ರದ ಪೂರ್ಣ ಬೆಲೆಯನ್ನು ಸವಕಳಿಯೆಂದು ತೋರಿಸಿ ತೆರಿಗೆ ಉಳಿಸುವ ಅವಕಾಶ ಆಗ ಇತ್ತು; ಬಂಡವಾಳಗಾರರು ಬರಲು ಅದು ದೊಡ್ಡ ಕಾರಣ. ಮುಂದೆ ನಮ್ಮ ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೂ ರೆಕ್ಕೆಗಳು ತಿರುಗಿದವು. ಅಂಥ ಕಡೆ ಕೆಳಗಿನ ಹಳ್ಳಿಗೆ ಸಿಗುವುದು ಜಾಗದ ಬೆಲೆ, ನಾಲ್ಕು ಜನಕ್ಕೆ ಕಾವಲಿನ ಕೆಲಸ. ಗಾಳಿಯ ಗಳಿಕೆ ಊರು ದಾಟಿ ಹೋಗುತ್ತದೆ. ಓಡಂತುರೈಯ ನೆಲದಲ್ಲಿ ಅಂಥ ಗಾಳಿಯೇ ಇಲ್ಲ. ಆದರೂ ಗಳಿಕೆ ಊರಿಗೆ ಬಂತು. ಎಂಥ ವೈಚಿತ್ರ್ಯ ನೋಡಿ!

ಇದನ್ನು ಎಲ್ಲರೂ ಹಾಗೆಯೇ ನಕಲು ಮಾಡಲಾಗದು ಎಂಬುದೂ ನಿಜ. ಗಾಳಿ ವರ್ಷವಿಡೀ ಒಂದೇ ಸಮ ಬೀಸದು. ವಿದ್ಯುತ್ತಿನ ದರ, ಸಾಗಣೆಯ ನಿಯಮ ಸರ್ಕಾರದ ಕೈಯಲ್ಲಿವೆ. ಎಲ್ಲಕ್ಕಿಂತ ಮುಖ್ಯವಾಗಿ, ಬ್ಯಾಂಕು ಸಾಲ ಕೊಡಬೇಕಾದರೆ ಪಂಚಾಯಿತಿಯಲ್ಲಿ ಉಳಿತಾಯವಿರಬೇಕು, ಲೆಕ್ಕ ಚೊಕ್ಕವಾಗಿರಬೇಕು. ಓಡಂತುರೈಯ 40 ಲಕ್ಷ ಒಂದೇ ದಿನದಲ್ಲಿ ಕೂಡಿದ್ದಲ್ಲ. ಹತ್ತು ವರ್ಷದ ಆಡಳಿತದ ಫಲ ಅದು.

ಗಡಿಯಲ್ಲಿರುವ ನಾವು ಶಾಲೆಗೆ, ರಸ್ತೆಗೆ, ನೀರಿಗೆ ಎರಡು ರಾಜಧಾನಿಗಳ ಕಡೆ ಮುಖಮಾಡಿ ಅರ್ಜಿ ಬರೆದು ಕಾಯುತ್ತೇವೆ. ಅರ್ಜಿ ಬರೆಯೋಣ, ಅದು ನಮ್ಮ ಹಕ್ಕು. ಜೊತೆಗೆ, ಮುಂದಿನ ಗ್ರಾಮಸಭೆಯಲ್ಲಿ ಒಬ್ಬರು ಎದ್ದುನಿಂತು, “ನಮ್ಮ ಪಂಚಾಯಿತಿ ವರ್ಷಕ್ಕೆ ಎಷ್ಟು ಕರೆಂಟು ಬಿಲ್ಲು ಕಟ್ಟುತ್ತದೆ?” ಎಂದು ಕೇಳಲಿ. ಓಡಂತುರೈಯ ಕಥೆ ಶುರುವಾದದ್ದು ಆ ಲೆಕ್ಕದಿಂದಲೇ.