ಮಕ್ಕಳಿಗೆ ತೋರಿಸಬೇಕಾದ ಮ್ಯಾಂಚೆಸ್ಟರ್

ಕರ್ನಾಟಕದ ಮ್ಯಾಂಚೆಸ್ಟರ್ ಯಾವುದು? ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ತಪ್ಪದೆ ಕಾಣಿಸಿಕೊಳ್ಳುವ ಪ್ರಶ್ನೆಯಿದು. ದಾವಣಗೆರೆ ಎಂದು ಬರೆದರೆ ಒಂದು ಅಂಕ. ನಾಲ್ಕನೇ ತರಗತಿಯ ನಮ್ಮ ಮಗಳೂ ಆ ಅಂಕವನ್ನು ಗಳಿಸಿದಳು. ಆದರೆ ಅಷ್ಟಕ್ಕೇ ಸುಮ್ಮನಾಗಲಿಲ್ಲ. "ಮ್ಯಾಂಚೆಸ್ಟರ್ ಎಲ್ಲಿದೆ? ಅಲ್ಲಿ ಏನಿದೆ?" ಎಂದು ಕೇಳಿದಳು. ಇಂಗ್ಲೆಂಡಿನಲ್ಲಿದೆ, ಬಟ್ಟೆ ಗಿರಣಿಗಳಿಗೆ ಹೆಸರಾಗಿದ್ದ ಊರು ಎಂದೆವು. "ಹಾಗಾದ್ರೆ ನಮ್ಮ ಮ್ಯಾಂಚೆಸ್ಟರನ್ನಾದರೂ ನೋಡೋಣ" ಎಂದಳು. ಅವಳ ಆರು ವರ್ಷದ ತಮ್ಮನೂ ದನಿಗೂಡಿಸಿದ. ಮಕ್ಕಳನ್ನು ಕಟ್ಟಿಕೊಂಡು ಯುರೋಪಿನ ನಗರ ಸುತ್ತುವಷ್ಟು ಅನುಕೂಲ ನಮಗಿಲ್ಲ. ಹರಿಹರದವರೆಗಿನ ರೈಲು ಟಿಕೆಟಿಗೆ ಅಂಥ ತೊಂದರೆಯೇನೂ ಇರಲಿಲ್ಲ.

ನಾವು ಮೊದಲು ಹರಿಹರದಲ್ಲಿ ಇಳಿದದ್ದಕ್ಕೆ ಕಾರಣವಿದೆ. ಪಕ್ಕದ ದಾವಣಗೆರೆ ದೊಡ್ಡ ಪೇಟೆಯಾಗಿ ಬೆಳೆದದ್ದರಲ್ಲಿ ಈ ಊರಿನ ಸೇತುವೆಗೂ ರೈಲಿಗೂ ದೊಡ್ಡ ಪಾಲಿದೆ. ತುಂಗಭದ್ರೆಯನ್ನು ಹರಿದ್ರಾ ಹಳ್ಳ ಕೂಡುವ ಈ ಜಾಗ ಹಿಂದಿನಿಂದಲೂ ದಾರಿಗಳು ಕೂಡುವ ಜಾಗ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಇಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದ. ಒಂದೇ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ. ಒಂದೇ ಮೈಯಲ್ಲಿ ಇಬ್ಬರು ದೇವರು ಜಗಳವಿಲ್ಲದೆ ಇರುವುದು ನಮ್ಮ ಮಗನಿಗೆ ಬಹಳ ಹಿಡಿಸಿತು. ನದಿಗೆ 1868ರಲ್ಲಿ 14 ಕಮಾನುಗಳ ಸೇತುವೆಯಾಯಿತು. 1889ರಲ್ಲಿ ಬೆಂಗಳೂರಿನಿಂದ ಹರಿಹರದವರೆಗೆ ರೈಲು ಬಂತು. ಸುತ್ತಣ ಎರೆಭೂಮಿಯ ಹತ್ತಿಗೆ ಬೆಂಗಳೂರು, ಪುಣೆ, ಮುಂಬಯಿಗಳ ದಾರಿ ತೆರೆಯಿತು. ಜಗತ್ತಿನಲ್ಲಿ ಮೊದಲ ಬಾರಿಗೆ ಎರಡು ದೊಡ್ಡ ನಗರಗಳ ನಡುವೆ ಉಗಿಬಂಡಿಯ ರೈಲು ಓಡಿದ್ದು 1830ರಲ್ಲಿ, ಲಿವರ್‌ಪೂಲಿನಿಂದ ಮ್ಯಾಂಚೆಸ್ಟರಿಗೆ. ಅದು ಹೊತ್ತದ್ದರಲ್ಲಿ ಮುಖ್ಯವಾದದ್ದೂ ಹತ್ತಿಯೇ.

ಹರಿಹರಕ್ಕೂ ಮ್ಯಾಂಚೆಸ್ಟರಿಗೂ ಇನ್ನೊಂದು ನಂಟಿದೆ. ಸ್ಕ್ರೂಗಳ ಸುತ್ತಿಗೆ ಒಂದೇ ಅಳತೆ ಇರಬೇಕೆಂದು 1841ರಲ್ಲಿ ಮಂಡಿಸಿದವನು ಮ್ಯಾಂಚೆಸ್ಟರಿನ ಜೋಸೆಫ್ ವಿಟ್‌ವರ್ತ್. ಅದಾದ ಸರಿಯಾಗಿ ನೂರು ವರ್ಷಕ್ಕೆ, 1941ರಲ್ಲಿ, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಯಂತ್ರಗಳನ್ನು ಮಾಡುವ ಯಂತ್ರವಾದ ಲೇತ್ ಅಲ್ಲಿ ತಯಾರಾಗುತ್ತಿತ್ತು. ನಮ್ಮ ಲೇತ್ ಕೆಲಸಗಾರರ ಬಾಯಲ್ಲಿ ವಿಟ್‌ವರ್ತನ ಹೆಸರು ಇಂದಿಗೂ ಒಂದು ಬಗೆಯ ಥ್ರೆಡ್ಡಿನ ಹೆಸರಾಗಿ ಉಳಿದಿದೆ. ಕಾರ್ಖಾನೆ ಮಾತ್ರ ಈ ಶತಮಾನದ ಆರಂಭದ ಹೊತ್ತಿಗೆ ಮುಚ್ಚಿಹೋಯಿತು.

ಹರಿಹರದಿಂದ ಬಸ್ಸಿನಲ್ಲಿ ದಾವಣಗೆರೆ ಅರ್ಧ ಗಂಟೆಯ ದಾರಿ. ಇದು ರಾಜಧಾನಿಯಾಗಿದ್ದ ಊರಲ್ಲ, ಕೋಟೆಯಿಂದ ಬೆಳೆದ ಊರೂ ಅಲ್ಲ. ಬೇತೂರಿನ ಮಗ್ಗುಲಲ್ಲಿದ್ದ ಸಣ್ಣ ಹಳ್ಳಿ. ಹೈದರಾಲಿ ಇದನ್ನು ಅಪ್ಪಾಜಿರಾಮ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ, ಅವನು ವರ್ತಕರನ್ನು ಕರೆಸಿ ನೆಲೆಗೊಳಿಸಿದ ಎಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ಒಬ್ಬ ಮುಸಲ್ಮಾನ ದೊರೆ, ಒಬ್ಬ ಮರಾಠಾ ಜಹಗೀರುದಾರ, ಲಿಂಗಾಯತ ವರ್ತಕರು, ಕಂಬಳಿ ನೇಯುವ ಕುರುಬರು: ಈ ಪೇಟೆ ಕಟ್ಟಿದ್ದು ಇಷ್ಟು ಜನರ ಕೈ ಸೇರಿ. ಕಂಬಳಿಯ ಜೊತೆಗೆ ಹತ್ತಿ ಬಂತು. ರೈಲು ಬಂದ ಮೇಲೆ ಜಿನ್ನಿಂಗ್, ಪ್ರೆಸ್ಸಿಂಗ್ ಕಾರ್ಖಾನೆಗಳು ಬಂದವು. 1930ರ ದಶಕದಿಂದ ಒಂದರ ಹಿಂದೊಂದು ಬಟ್ಟೆ ಗಿರಣಿಗಳು ಎದ್ದವು. ಮ್ಯಾಂಚೆಸ್ಟರ್ ಎಂಬ ಬಿರುದು ಬಂದದ್ದು ಹೀಗೆ.

ಗಿರಣಿಗಳ ಸೈರನ್ ಕೇಳಿ ಊರು ಏಳುತ್ತಿದ್ದ ಕಾಲವದು. ಪಾಳಿ ಬಿಟ್ಟಾಗ ಬೀದಿ ತುಂಬ ಹತ್ತಿಯ ಎಳೆ ಮೆತ್ತಿದ ತಲೆಗಳು. ಕಾರ್ಮಿಕ ಸಂಘಗಳು ಎಷ್ಟು ಗಟ್ಟಿಯಾಗಿದ್ದವೆಂದರೆ, ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಈ ಊರು 1978, 1983 ಮತ್ತು 1985ರಲ್ಲಿ ಮೂರು ಬಾರಿ ವಿಧಾನಸಭೆಗೆ ಕಳಿಸಿತು. ಆಮೇಲೆ ಹಳೆಯ ಯಂತ್ರಗಳು, ಪವರ್‌ಲೂಮ್‌ಗಳ ಪೈಪೋಟಿ, ಕೃತಕ ನೂಲು, ಸಾಲ ಎಲ್ಲವೂ ಒಟ್ಟಿಗೆ ಬಂದವು. ಹಳೆಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಬೆಣ್ಣೆ ದೋಸೆ ತಿಂದು ಮುಗಿಸಿದ ಮಗಳು "ಗಿರಣಿ ಎಲ್ಲಿ?" ಎಂದಾಗ, ಒಂದು ಕಾಲಕ್ಕೆ ಗಿರಣಿಯಿದ್ದ ಜಾಗವನ್ನು ಆಟೋದವರು ಕೈ ಮಾಡಿ ತೋರಿಸಿದರು. ನಾವು ನೋಡಿದ್ದು ಕಾಂಪೌಂಡು ಗೋಡೆ ಮಾತ್ರ. ಆ ಗೋಡೆಯ ಮೇಲೆ, ಒಳಗೆ ದುಡಿದವರ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ.

ಹಾಗಾದರೆ ಮೂಲ ಮ್ಯಾಂಚೆಸ್ಟರಿನಲ್ಲಿ ಏನು ಉಳಿದಿದೆ? ಅಲ್ಲಿಯ ಗಿರಣಿಗಳೂ ಮುಚ್ಚಿವೆ. ಆದರೆ 1830ರ ಆ ರೈಲು ನಿಲ್ದಾಣ ಉಳಿದಿದೆ. 1983ರಿಂದ ಅಲ್ಲಿ ವಿಜ್ಞಾನ ಮತ್ತು ಕೈಗಾರಿಕೆಯ ಮ್ಯೂಸಿಯಂ ಇದೆ. ನಗರದ ಹೊರಗೆ ಸ್ಟೈಲ್ ಎಂಬ ಹಳ್ಳಿಯಲ್ಲಿ 1784ರಲ್ಲಿ ಸ್ಯಾಮ್ಯುಯೆಲ್ ಗ್ರೆಗ್ ಕಟ್ಟಿಸಿದ ಕ್ವಾರಿ ಬ್ಯಾಂಕ್ ಗಿರಣಿಯೂ ಇದೆ. ಅದರ ಪಕ್ಕದಲ್ಲಿ ಒಂದು ಮನೆ. ಅನಾಥಾಲಯ, ಬಡವರ ಆಶ್ರಯಮನೆಗಳಿಂದ ತಂದ ಸುಮಾರು 90 ಮಕ್ಕಳನ್ನು ಅಲ್ಲಿ ಇರಿಸಿ, ದಿನಕ್ಕೆ ಹನ್ನೆರಡು ಗಂಟೆಯವರೆಗೆ ಗಿರಣಿಯಲ್ಲಿ ದುಡಿಸುತ್ತಿದ್ದರು. ಓಡುತ್ತಿರುವ ಯಂತ್ರದಡಿ ತೆವಳಿ ಹತ್ತಿಯ ಕಸ ಬಳಿಯುವುದು ಗಿರಣಿಗಳಲ್ಲಿ ಚಿಕ್ಕ ಮಕ್ಕಳ ಪಾಲಿನ ಕೆಲಸವಾಗಿತ್ತು. ಇಂದು ಆ ಮನೆಗೆ ಬೇರೆ ಮಕ್ಕಳು ಬರುತ್ತಾರೆ, ತಂದೆತಾಯಿಯ ಕೈ ಹಿಡಿದುಕೊಂಡು. ನಿಮ್ಮ ವಯಸ್ಸಿನವರು ಇಲ್ಲಿ ಹೀಗೆ ಮಲಗಿದರು, ಇಷ್ಟು ದುಡಿದರು ಎಂದು ಅವರಿಗೆ ವಿವರಿಸಿ ಹೇಳುತ್ತಾರೆ. ಊರು ತನ್ನ ಲಾಭದ ಲೆಕ್ಕವನ್ನು ಮಾತ್ರವಲ್ಲ, ತಪ್ಪಿನ ಲೆಕ್ಕವನ್ನೂ ಮಕ್ಕಳ ಮುಂದೆ ಇಟ್ಟಿದೆ.

ಇಂಗ್ಲೆಂಡಿನವರು ನಮಗಿಂತ ಒಳ್ಳೆಯವರೆಂದು ಇದರರ್ಥವಲ್ಲ. ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಬಟ್ಟೆ ಗಿರಣಿಗೆ ಸೇರಿಸಬಾರದೆಂಬ ಕಾನೂನು ಅಲ್ಲಿ ಬಂದದ್ದು 1833ರಲ್ಲಿ, ದೊಡ್ಡ ಹೋರಾಟದ ನಂತರ. ಬ್ರಿಟಿಷ್ ಇಂಡಿಯಾದಲ್ಲಿ 1881ರ ಕಾರ್ಖಾನೆ ಕಾಯಿದೆ ಏಳು ವರ್ಷದೊಳಗಿನವರನ್ನು ದುಡಿಸಬಾರದು ಎಂದಿತು. ಅಂದರೆ ಏಳು ತುಂಬಿದವರು ದುಡಿಯಬಹುದಾಗಿತ್ತು. ಆ ಕಾಯಿದೆಯ ಹಿಂದೆ ಕನಿಕರವೊಂದೇ ಇರಲಿಲ್ಲ. ಅಗ್ಗದ ಕೂಲಿಯಿಂದ ಮುಂಬಯಿಯ ಗಿರಣಿಗಳು ತಮ್ಮನ್ನು ಮೀರಿಸಬಹುದೆಂಬ ಲ್ಯಾಂಕಷೈರಿನ ಮಾಲೀಕರ ಅಂಜಿಕೆಯೂ ಇತ್ತು. ಇನ್ನು 1931ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಅದೇ ಲ್ಯಾಂಕಷೈರಿನ ಡಾರ್ವೆನ್‌ಗೆ ಹೋದಾಗ, ವಿದೇಶಿ ಬಟ್ಟೆಯ ಬಹಿಷ್ಕಾರದಿಂದ ಪೆಟ್ಟು ತಿಂದಿದ್ದ ಗಿರಣಿಯ ಹೆಂಗಸರೇ ಅವರನ್ನು ಸುತ್ತುವರಿದು ನಗುತ್ತ ಫೋಟೊ ತೆಗೆಸಿಕೊಂಡರು. ಮಾಲೀಕರ ಮಾರುಕಟ್ಟೆಗಳು ಬೇರೆಬೇರೆಯಾದರೂ ದುಡಿಯುವವರ ಹಸಿವು ಒಂದೇ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸಂಜೆ ನಾವು ಮಂಡಕ್ಕಿ ಭಟ್ಟಿಗಳ ಕಡೆ ಹೋದೆವು. ದಾವಣಗೆರೆಯ ಮಂಡಕ್ಕಿ-ಮಿರ್ಚಿಯ ರುಚಿ ನಾಡಿಗೇ ಗೊತ್ತು. ಅದು ಹುಟ್ಟುವ ಜಾಗ ಅಷ್ಟಾಗಿ ಗೊತ್ತಿಲ್ಲ. ಅಕ್ಕಿಗೆ ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿದರೆ ಅದು ಅರಳುತ್ತದೆ. ಆ ಬೆಂಕಿಯ ಮುಂದೆ ಬೆಳಗಿನ ಜಾವಕ್ಕೇ ಕೂರುವವರಲ್ಲಿ ಹೆಚ್ಚಿನವರು ಬಡ ಮುಸಲ್ಮಾನ ಕುಟುಂಬದವರು. ಇಲ್ಲಿ ಮಕ್ಕಳೂ ದುಡಿಯುತ್ತಿದ್ದ ಸಂಗತಿ ಪತ್ರಿಕೆಗಳಲ್ಲಿ ಎಷ್ಟೋ ಬಾರಿ ಬಂದಿದೆ. 1986ರಲ್ಲಿ ಬಾಲಕಾರ್ಮಿಕ ಕಾಯಿದೆ, 2009ರಲ್ಲಿ ಶಿಕ್ಷಣದ ಹಕ್ಕು, 2016ರ ತಿದ್ದುಪಡಿ ಎಲ್ಲ ಬಂದವು. ಆದರೆ ಕೂಲಿ ಸಾಲದ ಮನೆಯಲ್ಲಿ ಮಗುವಿನ ಕೈಯೂ ಒಂದು ಕೈ ಎಂದು ಲೆಕ್ಕವಾಗುವುದು ಕಾಯಿದೆಯಿಂದ ಮಾತ್ರ ನಿಲ್ಲುವುದಿಲ್ಲ.

ಭಟ್ಟಿಯೊಂದರ ಎದುರು ಚೀಲ ಹೊಲಿಯುತ್ತಿದ್ದ ಹೆಂಗಸು ನಮ್ಮ ಮಗಳನ್ನು ಹತ್ತಿರ ಕರೆದರು. "ಯಾವ ಕ್ಲಾಸಮ್ಮ?" ಎಂದರು. "ನಾಲ್ಕು." "ನಿನ್ನಷ್ಟಿದ್ದಾಗಲೇ ನಾನು ಭಟ್ಟಿಗೆ ಬಂದೆ. ನನ್ನ ಮಗಳು ಕಾಲೇಜಿಗೆ ಹೋಗ್ತಾಳೆ" ಎಂದು ಒಂದು ಹಿಡಿ ಬಿಸಿ ಮಂಡಕ್ಕಿ ಕೊಟ್ಟರು. ಆ ಎರಡು ವಾಕ್ಯಗಳ ನಡುವೆ ಎಷ್ಟು ವರ್ಷಗಳ ಬೆವರಿದೆಯೆಂದು ನಾವು ಲೆಕ್ಕ ಹಾಕುತ್ತ ನಿಂತೆವು. ನಮ್ಮೆದುರಿಗಿದ್ದದ್ದೇ ದಾವಣಗೆರೆಯ ಚರಿತ್ರೆ. ಅದನ್ನು ಬರೆದಿಡುವವರು ಬೇಕಾಗಿದ್ದಾರೆ.

ಗಿರಣಿಯ ಹಾಜರಿ ಪುಸ್ತಕ, ಸಂಘದ ಕರಪತ್ರ, ಒಂದು ಮಗ್ಗ, ಹರಿಹರದ ಒಂದು ಲೇತ್, ಭಟ್ಟಿಯ ಒಂದು ಜಾಲರಿ, ದುಡಿದವರ ಮಾತಿನ ಧ್ವನಿಮುದ್ರಿಕೆ: ಇವಿಷ್ಟನ್ನು ಒಂದು ಹಳೆಯ ಕಟ್ಟಡದಲ್ಲಿ ಕೂಡಿಡಲು ಕೋಟಿಗಟ್ಟಲೆ ಹಣ ಬೇಕಿಲ್ಲ. ನೂಲಿನ ಪಾಳಿಯಲ್ಲಿ ನಿಂತವರು ಈಗ ಎಪ್ಪತ್ತು, ಎಂಬತ್ತು ದಾಟಿದ್ದಾರೆ. ಅವರು ಹೋದರೆ ಅವರ ಮಾತೂ ಹೋಗುತ್ತದೆ. ಬಿರುದನ್ನು ಮ್ಯಾಂಚೆಸ್ಟರಿನಿಂದ ಎರವಲು ತಂದ ಊರು, ದುಡಿದವರ ನೆನಪನ್ನು ಕಾಪಾಡುವ ಅಭ್ಯಾಸವನ್ನೂ ತಂದರೆ ತಪ್ಪೇನಿಲ್ಲ.

ವಾಪಸ್ಸಿನ ರೈಲಿನಲ್ಲಿ ಮಗ ಮಂಡಕ್ಕಿ ಮುಕ್ಕುತ್ತ ನಿದ್ದೆ ಹೋದ. ಮಗಳು ಕಿಟಕಿಯ ಹೊರಗೆ ನೋಡುತ್ತ ಕೇಳಿದಳು: "ಆ ಆಂಟಿ ಬಗ್ಗೆ ಯಾಕೆ ಪುಸ್ತಕದಲ್ಲಿಲ್ಲ?" ಈ ಪ್ರಶ್ನೆಗೆ ಪರೀಕ್ಷೆಯಲ್ಲಿ ಅಂಕವಿಲ್ಲ. ಉತ್ತರ ಕೊಡಬೇಕಾದವರು ಮಾತ್ರ ನಾವೇ.