ಲಿಪಿಯ ಮರೆ, ಕೀಲಿಯ ಗುಟ್ಟು: ಕನ್ನಡ ಸಂದೇಶಗಳ ಗೂಢಲಿಪೀಕರಣ ಕುರಿತು

12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿಗೆ ಏಡನ್ನಿನಿಂದ ಬರುತ್ತಿದ್ದ ಪತ್ರಗಳ ನುಡಿ ಅರಬ್ಬಿ, ಅಕ್ಷರ ಹೀಬ್ರೂ. ಕೈರೋದ ಗೆನಿಜಾದಲ್ಲಿ (ಯಹೂದಿ ಮಂದಿರದ ಹಳೆಯ ಕಾಗದಗಳ ಕೋಣೆಯಲ್ಲಿ) ಉಳಿದುಬಂದ ಈ ಪತ್ರಗಳು ಹೀಬ್ರೂ ಅಕ್ಷರ ಬಾರದವನ ಕೈಗೆ ಸಿಕ್ಕರೂ ಉಪಯೋಗವಿರಲಿಲ್ಲ. ಬಲ್ಲವನಿಗೆ ಮುಚ್ಚುಮರೆಯೇ ಇರಲಿಲ್ಲ. ಇಂದು ತುಳು, ಕೊಂಕಣಿ, ಬ್ಯಾರಿ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ ಕಳಿಸುವವರು ‘ಹೊರಗಿನವರಿಗೆ ಅರ್ಥವಾಗುವುದಿಲ್ಲ’ ಎಂದುಕೊಳ್ಳುವುದೂ ಇದೇ ಬಗೆಯ ಭರವಸೆ. ಆದರೆ ಗುಟ್ಟು ಬರೆಯುವ ವಿಧಾನ ಶತ್ರುವಿಗೆ ತಿಳಿದರೂ ತೊಂದರೆಯಾಗಬಾರದು, ಗುಟ್ಟೆಲ್ಲ ಕೀಲಿಯಲ್ಲಿರಬೇಕು ಎಂದು ಗೂಢಲಿಪಿ ತಜ್ಞ ಆಗಸ್ಟ್ ಕೆರ್ಕ್‌ಹಾಫ್ಸ್ 1883ರಲ್ಲಿ ಹೇಳಿದ. ಆ ಅಳತೆಗೆ ಲಿಪಿಯ ಮರೆ ನಿಲ್ಲುವುದಿಲ್ಲ.

ಕನ್ನಡದಲ್ಲಿ ಕೀಲಿಯ ಕಲ್ಪನೆಗೆ ಹತ್ತಿರ ಬರುವುದು ಜೈನ ಮುನಿ ಕುಮುದೇಂದುವಿನ ‘ಸಿರಿಭೂವಲಯ’. 27 ಸಾಲು, 27 ಕಂಬ, ಒಟ್ಟು 729 ಮನೆಗಳ ಚಕ್ರದಲ್ಲಿ 1ರಿಂದ 64ರವರೆಗಿನ ಅಂಕೆಗಳು. ಒಂದೊಂದು ಅಂಕೆಗೆ ಒಂದೊಂದು ಧ್ವನಿ. ಯಾವ ಮನೆಯಿಂದ ಯಾವ ಮನೆಗೆ ಹೋಗಬೇಕೆಂಬ ‘ಬಂಧ’ ಗೊತ್ತಿದ್ದರೆ ಮಾತ್ರ ಪದ್ಯ ಕೂಡುತ್ತದೆ. ಕೃತಿಯ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನಮ್ಮ ಚರ್ಚೆಗೆ ಅದು ಬೇಕಾಗಿಯೂ ಇಲ್ಲ.

ಈಗ ಮೊಬೈಲಿಗೆ ಬರೋಣ. ಅಕ್ಷರಗಳನ್ನು ಅಂಕೆಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್. ‘ಮ’ ಎಂದರೆ 224, 178, 174. ದೀರ್ಘ ಊಕಾರದ ಚಿಹ್ನೆ ಎಂದರೆ 224, 179, 130. ಮೊದಲ ಬೈಟ್ ಯಾವಾಗಲೂ 224. ಎರಡನೆಯದು 178 ಅಥವಾ 179, ಬೇರೆ ದಾರಿಯಿಲ್ಲ. ವಿದ್ಯಾರ್ಥಿಗಳು ಬರೆಯುವ ಪುಟ್ಟ ಪ್ರೋಗ್ರಾಂಗಳಲ್ಲಿ, ಎಂಟು ಬೈಟಿನ ಒಂದು ಗುಟ್ಟುಪದವನ್ನು ಮತ್ತೆ ಮತ್ತೆ ಜೋಡಿಸುತ್ತ ಸಂದೇಶದ ಬೈಟುಗಳೊಂದಿಗೆ ‘ಎಕ್ಸಾರ್’ ಮಾಡುವುದು (ಎರಡರ ಬಿಟ್ಟುಗಳು ಒಂದೇ ಆದರೆ 0, ಬೇರೆಯಾದರೆ 1) ರೂಢಿ. ಅದೇ ಕೀಲಿಯಿಂದ ಇನ್ನೊಮ್ಮೆ ಎಕ್ಸಾರ್ ಮಾಡಿದರೆ ಮೂಲ ಮರಳುತ್ತದೆ: 224ಕ್ಕೆ ಕೀಲಿಯ 77 ಹೀಗೆ ಸೇರಿದರೆ 173, ಆ 173ಕ್ಕೆ 77 ಸೇರಿದರೆ ಮತ್ತೆ 224. ಕಷ್ಟವಿರುವುದು ಇಲ್ಲೇ. 173ಕ್ಕೆ 224 ಸೇರಿಸಿದರೆ ಬರುವುದು 77, ಅಂದರೆ ಕೀಲಿಯೇ! ಪ್ರತಿ ಮೂರನೆಯ ಬೈಟ್ 224 ಎಂದು ಕದ್ದು ಓದುವವನಿಗೆ ಮೊದಲೇ ಗೊತ್ತು.

‘ಮಂಗಳೂರಿನಲ್ಲಿ’ ಎಂಬ ಒಂದೇ ಪದ ತೆಗೆದುಕೊಳ್ಳಿ. ಕಣ್ಣಿಗೆ ಆರು ಅಕ್ಷರ. ಒಳಗೆ ಸೊನ್ನೆ, ಗುಣಿತಚಿಹ್ನೆ, ವಿರಾಮ ಎಲ್ಲ ಸೇರಿ 12 ಸಂಕೇತ, 36 ಬೈಟ್. ಮೂರಕ್ಕೂ ಎಂಟಕ್ಕೂ ಸಾಮಾನ್ಯ ಅಪವರ್ತನವಿಲ್ಲದ್ದರಿಂದ, ಮೂರು ಮೂರು ಹೆಜ್ಜೆ ಹಾಕುವ 224 ಮೊದಲ 24 ಬೈಟುಗಳಲ್ಲೇ ಕೀಲಿಯ ಎಂಟೂ ಸ್ಥಾನಗಳನ್ನು ಮುಟ್ಟಿ ಬರುತ್ತದೆ. ಪದ ಮುಗಿಯುವ ಮೊದಲೇ ಕೀಲಿ ಬಯಲು. ಒಂಬತ್ತು ಬೈಟಿನ ಕೀಲಿಯಾದರೆ ಮೂರು ಸ್ಥಾನಗಳಷ್ಟೇ ಹೀಗೆ ನೇರವಾಗಿ ಸಿಗುತ್ತವೆ, ಇನ್ನು ಮೂರರಲ್ಲಿ ಉಳಿಯುವುದು ಒಂದೊಂದು ಬಿಟ್‌ನ ಅನುಮಾನ. ಇಂಗ್ಲಿಷ್ ಪಠ್ಯಪುಸ್ತಕದ ಉದಾಹರಣೆಯನ್ನು ಹಾಗೆಯೇ ಕನ್ನಡಕ್ಕೆ ಇಳಿಸಿಕೊಂಡವರು ಈ ಸೋರಿಕೆಯನ್ನು ಗಮನಿಸುವುದು ಕಡಿಮೆ ಎಂಬುದು ನನ್ನ ಅನುಭವ.

ಕೀಲಿ ಸಂದೇಶದಷ್ಟೇ ಉದ್ದವಿದ್ದು, ಸಂಪೂರ್ಣ ಯಾದೃಚ್ಛಿಕವಾಗಿದ್ದು, ಒಮ್ಮೆ ಬಳಸಿ ಎಸೆಯುವಂತಿದ್ದರೆ ಅದನ್ನು ಭೇದಿಸಲಾಗದೆಂದು ಗಣಿತಜ್ಞ ಕ್ಲಾಡ್ ಶಾನನ್ 1949ರ ಲೇಖನದಲ್ಲಿ ಸಾಧಿಸಿ ತೋರಿಸಿದ. ಅಷ್ಟುದ್ದದ ಕೀಲಿಯನ್ನು ಹೊತ್ತು ತಿರುಗುವುದು ಯಾರಿಂದಾದೀತು? ಹಾಗಾಗಿ 2001ರಲ್ಲಿ ಅಮೆರಿಕದ ಗೂಢಲಿಪಿ ಮಾನಕವಾದ ಎಇಎಸ್ ಬಳಕೆಗೆ ಬಂತು: 128ರಿಂದ 256 ಬಿಟ್‌ಗಳ ಕೀಲಿ, 16 ಬೈಟುಗಳ ತುಂಡು. ಸಂದೇಶ ಕಳಿಸುವವರು, ಪಡೆಯುವವರು ಇಬ್ಬರೂ ಮಂಗಳೂರಿನ ಹಂಪನಕಟ್ಟೆಯಲ್ಲಿ ಭೇಟಿಯಾಗಿ ಕೀಲಿಯನ್ನು ಕಿವಿಯಲ್ಲಿ ಹೇಳಿಕೊಳ್ಳಬೇಕಾಗಿಯೂ ಇಲ್ಲ. ತೆರೆದ ದಾರಿಯಲ್ಲೇ ಸಮಾನ ಕೀಲಿ ಕಟ್ಟಿಕೊಳ್ಳುವ ಉಪಾಯವನ್ನು ಡಿಫಿ, ಹೆಲ್ಮನ್ 1976ರಲ್ಲಿ ಪ್ರಕಟಿಸಿದರು. 2016ರಿಂದ ವಾಟ್ಸಾಪ್‌ನಲ್ಲಿ ಎಲ್ಲರ ಸಂದೇಶಗಳಿಗೂ ಆ ಮನೆತನದ ವಿಧಾನವೇ ಆಧಾರ.

ಆದರೂ ಸಂದೇಶದ ಉದ್ದ ಒಂದು ಸಂಗತಿಯನ್ನು ಬಿಟ್ಟುಕೊಡುತ್ತದೆ. ಬೈಟಿಗೆ ಬೈಟ್ ಮುಚ್ಚಿ ಉದ್ದವನ್ನು ಹಾಗೇ ಉಳಿಸುವ ವಿಧಾನವೊಂದರಲ್ಲಿ ಮಂಗಳೂರಿನ ಮೀನು ಬಂದರು ಧಕ್ಕೆಗೆ ತುಳುವಿನಲ್ಲಿ ‘ಬಂಗುಡೆ ಉಂಡಾ?’ (ಬಂಗುಡೆ ಮೀನು ಇದೆಯೇ?) ಎಂಬ ಪ್ರಶ್ನೆ ಹೋಯಿತೆನ್ನಿ. ಉತ್ತರ ‘ಉಂಡು’ (ಇದೆ) ಆದರೆ 12 ಬೈಟ್, ‘ಇಜ್ಜಿ’ (ಇಲ್ಲ) ಆದರೆ 15. ಕೀಲಿ ಮುಟ್ಟದೆಯೇ ಉತ್ತರ ತಿಳಿಯಿತು. ಬೆಂಗಳೂರಿನ ಕನ್ನಡದಲ್ಲೂ ಹಾಗೆಯೇ: ‘ಇದೆ’ 9, ‘ಇಲ್ಲ’ 12. ಎಇಎಸ್‌ನಲ್ಲಿ ಖಾಲಿ ಜಾಗ ತುಂಬಿ 16ಕ್ಕೆ ಏರಿಸಿ ಕಳಿಸಿದರೆ ಈ ನಾಲ್ಕೂ ಒಂದೇ ಅಳತೆಗೆ ಬರುತ್ತವೆ. ಮಂಗಳೂರಿನ ಕನ್ನಡಕ್ಕೆ ಇಲ್ಲಿ ಆ ತುಂಬಿಸುವ ಕೆಲಸವೂ ಬೇಡ: ‘ಉಂಟು’ 12, ‘ಇಲ್ಲ’ 12.